ಕೈ ಹೇಳುವುದೊಂದು, ಥರ್ಮಾಮೀಟರ್ ಹೇಳುವುದೊಂದು

ಹಾಲು ಉತ್ಪಾದಕ ಸದಸ್ಯರು ಪಶುವೈದ್ಯರಲ್ಲಿ ಹೇಳಿಕೊಳ್ಳುವ ಮಾತುಗಳಲ್ಲಿ ಎರಡು ಪದೇ ಪದೇ ಕೇಳಿಬರುತ್ತವೆ. ಒಂದು, "ಹಸು ಮೇವು ಬಿಟ್ಟಿದೆ, ಆದರೆ ಕಿವಿ ಮುಟ್ಟಿ ನೋಡಿದೆ, ಜ್ವರ ಇಲ್ಲ." ಇನ್ನೊಂದು, "ಹಾಲು ಕರೆದಾಗ ಚೆನ್ನಾಗಿಯೇ ಇತ್ತು, ಸಂಘಕ್ಕೆ ಹೋಗುವಷ್ಟರಲ್ಲಿ ಹುಳಿಯಾಯಿತು." ಒಂದು ರಾಸಿನ ಆರೋಗ್ಯದ ಮಾತು, ಇನ್ನೊಂದು ಹಾಲಿನ ಮಾತು. ಮೇಲ್ನೋಟಕ್ಕೆ ಇವುಗಳಿಗೆ ಸಂಬಂಧವಿಲ್ಲ. ಆದರೆ ಎರಡರ ಬೇರೂ ಒಂದೇ. ಶಾಖವನ್ನು ನಾವು ಕೈಯಿಂದ ಅಂದಾಜು ಮಾಡುತ್ತೇವೆ, ಅಳೆಯುವುದಿಲ್ಲ. ಶಾಖ ಯಾವ ದಾರಿಯಲ್ಲಿ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನೂ ಗಮನಿಸುವುದಿಲ್ಲ. ಇಷ್ಟನ್ನು ತಿಳಿದುಕೊಂಡರೆ ಹಸುವಿನ ಜೀವ ಉಳಿಸಬಹುದು, ಹಾಲಿನ ಬೆಲೆಯನ್ನೂ ಉಳಿಸಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಶಾಖ ಬೇರೆ, ಉಷ್ಣತೆ ಬೇರೆ

ಮಾತಿನಲ್ಲಿ ನಾವು ಶಾಖ, ಉಷ್ಣತೆ, ಬಿಸಿ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಶಾಖವೇ ಬೇರೆ, ಉಷ್ಣತೆಯೇ ಬೇರೆ. ಒಂದು ಲೋಟ ಹಾಲು ಕುದಿಯುತ್ತಿದೆ, ಪಕ್ಕದ ಒಲೆಯ ಮೇಲೆ 20 ಲೀಟರ್ ಹಾಲೂ ಕುದಿಯುತ್ತಿದೆ ಎಂದುಕೊಳ್ಳಿ. ಎರಡರ ಉಷ್ಣತೆ ಒಂದೇ. ಆದರೆ ದೊಡ್ಡ ಪಾತ್ರೆಯನ್ನು ಕುದಿಸಲು ಹೆಚ್ಚು ಸೌದೆ ಬೇಕಾಯಿತು, ಅದು ಆರಲೂ ಹೆಚ್ಚು ಹೊತ್ತು ಬೇಕು. ಅದರಲ್ಲಿ ಸೇರಿದ ಶಾಖ ಹೆಚ್ಚು. ಕಮ್ಮಾರನ ಕುಲುಮೆಯಿಂದ ಹಾರಿದ ಕಿಡಿಯ ಉಷ್ಣತೆ ಕುದಿಯುವ ನೀರಿಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಅದು ಕೈ ಮೇಲೆ ಬಿದ್ದರೆ ಚುರುಕ್ ಎನ್ನುತ್ತದೆ ಅಷ್ಟೆ. ಕುದಿಯುವ ನೀರಿನ ಬಕೆಟ್ಟು ಮೈಮೇಲೆ ಬಿದ್ದರೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಉಷ್ಣತೆ ಎಂದರೆ ಬಿಸಿಯ ಮಟ್ಟ. ಅದನ್ನು ಡಿಗ್ರಿಗಳಲ್ಲಿ ಹೇಳುತ್ತೇವೆ. ಶಾಖ ಎಂದರೆ ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುವ ಶಕ್ತಿ. ಅದನ್ನು ಕಿಲೋ ಕ್ಯಾಲೊರಿಗಳಲ್ಲಿ ಲೆಕ್ಕ ಹಾಕಬಹುದು. 1 ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಂಟಿಗ್ರೇಡ್ ಏರಿಸಲು ಬೇಕಾದ ಶಾಖವೇ 1 ಕಿಲೋ ಕ್ಯಾಲೊರಿ. ಕೆರೆಯ ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವು ಹೆಚ್ಚು ಉಷ್ಣತೆಯ ಕಡೆಯಿಂದ ಕಡಿಮೆ ಉಷ್ಣತೆಯ ಕಡೆಗೆ ಹರಿಯುತ್ತದೆ. ತಾನಾಗಿಯೇ ಹಿಮ್ಮುಖವಾಗಿ ಎಂದೂ ಹರಿಯದು. ಎರಡೂ ಕಡೆ ಮಟ್ಟ ಸಮವಾದಾಗ ಹರಿವು ನಿಲ್ಲುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ನಿಯಮದ ಮೇಲೆಯೇ ನಿಂತಿದೆ.

ಕೈ ಏಕೆ ಮೋಸಹೋಗುತ್ತದೆ?

ಚಳಿಗಾಲದ ಬೆಳಗ್ಗೆ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಇದ್ದ ಕಬ್ಬಿಣದ ಸರಪಳಿಯನ್ನೂ ಮರದ ಗೂಟವನ್ನೂ ಮುಟ್ಟಿ ನೋಡಿ. ಸರಪಳಿ ಕೊರೆಯುವಷ್ಟು ತಣ್ಣಗಿರುತ್ತದೆ, ಗೂಟ ಅಷ್ಟು ತಣ್ಣಗಿಲ್ಲವೆನ್ನಿಸುತ್ತದೆ. ಆದರೆ ಥರ್ಮಾಮೀಟರಿನಿಂದ ಅಳೆದರೆ ಎರಡರ ಉಷ್ಣತೆಯೂ ಒಂದೇ. ಕಬ್ಬಿಣ ನಮ್ಮ ಕೈಯ ಶಾಖವನ್ನು ಬೇಗನೆ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ. ಅಂದರೆ ನಮ್ಮ ಕೈಗೆ ತಿಳಿಯುವುದು ಶಾಖ ಎಷ್ಟು ಬೇಗ ಹರಿಯುತ್ತಿದೆ ಎಂಬುದು ಮಾತ್ರ, ವಸ್ತುವಿನ ಉಷ್ಣತೆಯಲ್ಲ. ತಣ್ಣೀರಿನಲ್ಲಿ ಪಾತ್ರೆ ತೊಳೆದ ಕೈಗೆ ಎಲ್ಲವೂ ಬೆಚ್ಚಗೆ ತೋರುತ್ತದೆ. ಒಲೆಯ ಮುಂದಿನಿಂದ ಎದ್ದುಬಂದ ಕೈಗೆ ಅದೇ ವಸ್ತು ತಣ್ಣಗೆ ತೋರುತ್ತದೆ.

ಹಸುವಿನ ಕಿವಿ ಮುಟ್ಟಿ ಜ್ವರ ನೋಡುವಾಗ ಇನ್ನೂ ಒಂದು ತೊಡಕಿದೆ. ಜ್ವರ ಏರುವ ಹೊತ್ತಿನಲ್ಲಿ ಶರೀರವು ಶಾಖವನ್ನು ಒಳಗೇ ಹಿಡಿದಿಟ್ಟುಕೊಳ್ಳಲು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಗ ಕಿವಿ, ಕಾಲು ತಣ್ಣಗಾಗುತ್ತವೆ, ರೋಮ ನಿಮಿರುತ್ತದೆ, ರಾಸು ನಡುಗುತ್ತದೆ. ಒಳಗೆ 105 ಡಿಗ್ರಿ ಜ್ವರವಿದ್ದರೂ ಕಿವಿ ತಣ್ಣಗಿರಬಹುದು. ಇದಕ್ಕೆ ವಿರುದ್ಧವಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನ ಆರೋಗ್ಯವಾಗಿರುವ ಹಸುವಿನ ಕಿವಿಯೂ ಬಿಸಿಯಾಗಿಯೇ ಇರುತ್ತದೆ. ಕಿವಿಯನ್ನು ನಂಬಿ ಕುಳಿತರೆ ಎರಡು ಕಡೆಯೂ ತಪ್ಪು ತೀರ್ಮಾನವೇ ಸರಿ.

ಥರ್ಮಾಮೀಟರ್ ಬಂದ ಬಗೆ

ಮುಟ್ಟಿ ನೋಡುವುದನ್ನು ಬಿಟ್ಟು ಅಂಕಿಯಲ್ಲಿ ಅಳೆಯುವ ಪದ್ಧತಿ ಬಂದು ಇನ್ನೂ ಮುನ್ನೂರು ವರ್ಷಗಳ ಮೇಲೆ ಕೆಲವೇ ವರ್ಷಗಳಾಗಿವೆ. ಹಾಲೆಂಡಿನಲ್ಲಿ ನೆಲೆಸಿದ್ದ ಉಪಕರಣ ತಯಾರಕ ಫ್ಯಾರನ್‌ಹೀಟ್ 1714ರಲ್ಲಿ ನಂಬಿಕೆಗೆ ಅರ್ಹವಾದ ಪಾದರಸದ ಥರ್ಮಾಮೀಟರನ್ನು ತಯಾರಿಸಿದ. ಅವನ ಹೆಸರಿನ ಅಳತೆಯಲ್ಲಿ ನೀರು 32 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, 212 ಡಿಗ್ರಿಯಲ್ಲಿ ಕುದಿಯುತ್ತದೆ. 1742ರಲ್ಲಿ ಸ್ವೀಡನ್ನಿನ ಖಗೋಳ ವಿಜ್ಞಾನಿ ಸೆಲ್ಸಿಯಸ್ ಈ ಎರಡು ಬಿಂದುಗಳ ನಡುವೆ ನೂರು ಭಾಗ ಮಾಡಿದ. ಅವನು ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100 ಎಂದು ಗುರುತಿಸಿದ್ದ! ಅನಂತರ ಅದನ್ನು ತಿರುಗಿಸಿ ಈಗಿನ ರೂಪಕ್ಕೆ ತರಲಾಯಿತು. ಇದನ್ನೇ ನಾವು ಸೆಂಟಿಗ್ರೇಡ್ ಅಥವಾ ಸೆಲ್ಸಿಯಸ್ ಎನ್ನುತ್ತೇವೆ. ರೋಗಿಯ ಬಳಿಗೆ ಸುಲಭವಾಗಿ ಒಯ್ಯಬಹುದಾದ ಗೇಣುದ್ದಕ್ಕಿಂತ ಚಿಕ್ಕ ಥರ್ಮಾಮೀಟರನ್ನು ಇಂಗ್ಲೆಂಡಿನ ವೈದ್ಯ ಆಲ್‌ಬಟ್ ಬಳಕೆಗೆ ತಂದದ್ದು 1866ರ ಸುಮಾರಿಗೆ.

ಫ್ಯಾರನ್‌ಹೀಟನ್ನು ಸೆಂಟಿಗ್ರೇಡಿಗೆ ತರಬೇಕಾದರೆ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಬೇಕು. 104 ಡಿಗ್ರಿ ಫ್ಯಾ. ಎಂದರೆ ಸರಿಯಾಗಿ 40 ಡಿಗ್ರಿ ಸೆಂ. ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಪಾದರಸ ಬಿಸಿಯಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಅದು ಕೊಳವೆಯಲ್ಲಿ ಎಷ್ಟು ಏರಿತು ಎಂಬುದನ್ನೇ ನಾವು ಓದುವುದು. ಒಂದು ವಿಷಯವನ್ನು ಇಲ್ಲಿ ಚೆನ್ನಾಗಿ ಗಮನಿಸಬೇಕು. ಥರ್ಮಾಮೀಟರ್ ತೋರಿಸುವುದು ತನ್ನ ಉಷ್ಣತೆಯನ್ನು ಮಾತ್ರ. ಹಸುವಿನ ಶಾಖ ಅದರೊಳಗೆ ಹರಿದು ಎರಡರ ಮಟ್ಟ ಸಮವಾದ ಮೇಲಷ್ಟೇ ಅದು ಹಸುವಿನ ಉಷ್ಣತೆಯೂ ಆಗುತ್ತದೆ. ಅದಕ್ಕೆ ಸಮಯ ಬೇಕು. ಅರ್ಧ ನಿಮಿಷಕ್ಕೇ ಹೊರತೆಗೆದರೆ ಜ್ವರ ಕಡಿಮೆಯಾಗಿ ಕಾಣುತ್ತದೆ.

ರಾಸಿನ ಉಷ್ಣತೆ ನೋಡುವ ಕ್ರಮ

1. ರಾಸನ್ನು ನೆರಳಿನಲ್ಲಿ ಕಟ್ಟಿ, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಡಿ. ಬಿಸಿಲಿನಲ್ಲಿ ನಡೆದುಬಂದ ಕೂಡಲೇ ನೋಡಬೇಡಿ.
2. ಪಾದರಸದ ಥರ್ಮಾಮೀಟರ್ ಆದರೆ ಜಾಡಿಸಿ, ಪಾದರಸವನ್ನು 96 ಡಿಗ್ರಿ ಫ್ಯಾ.ಗಿಂತ ಕೆಳಗೆ ಇಳಿಸಿ. ಬುರುಡೆಯ ಮೇಲೆ ಕೊಳವೆಯನ್ನು ಕಿರಿದು ಮಾಡಿರುವುದರಿಂದ ಏರಿದ ಪಾದರಸ ತಾನಾಗಿಯೇ ಇಳಿಯುವುದಿಲ್ಲ. ಜಾಡಿಸದಿದ್ದರೆ ಹಿಂದಿನ ರಾಸಿನ ಜ್ವರವನ್ನೇ ಓದಿದಂತಾಗುತ್ತದೆ.
3. ತುದಿಗೆ ಎಣ್ಣೆ ಅಥವಾ ಸೋಪಿನ ನೀರು ಸವರಿ. ರಾಸಿನ ಪಕ್ಕಕ್ಕೆ ನಿಂತು ಬಾಲ ಎತ್ತಿ, ಗುದದ್ವಾರದಲ್ಲಿ ಮೆಲ್ಲಗೆ ತಿರುಗಿಸುತ್ತಾ ಎರಡು ಮೂರು ಅಂಗುಲ ಒಳಸೇರಿಸಿ.
4. ಬುರುಡೆ ಸಗಣಿಯೊಳಗೆ ಸಿಕ್ಕಿಕೊಳ್ಳದೆ ಕರುಳಿನ ಗೋಡೆಗೆ ತಾಗುವಂತೆ ಓರೆಯಾಗಿ ಹಿಡಿಯಿರಿ.
5. ಎರಡು ನಿಮಿಷ ಬಿಡಿ. ಡಿಜಿಟಲ್ ಥರ್ಮಾಮೀಟರ್ ಆದರೆ ಅದು ಸದ್ದು ಮಾಡುವವರೆಗೆ ಕಾಯಿರಿ. ಕೈಯಿಂದ ಬಿಡಬೇಡಿ, ಒಳಗೆ ಹೋಗಿಬಿಟ್ಟೀತು.
6. ಓದಿದ ಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರಿನಲ್ಲಿ ತೊಳೆದರೆ ಪಾದರಸ ಹಿಗ್ಗಿ ಗಾಜು ಒಡೆಯುತ್ತದೆ. ಒಡೆದ ಥರ್ಮಾಮೀಟರಿನ ಪಾದರಸ ವಿಷ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಮೇವಿಗೆ ಸೇರದಂತೆ ನೋಡಿಕೊಳ್ಳಬೇಕು. ಹೊಸದಾಗಿ ಕೊಳ್ಳುವವರು ಡಿಜಿಟಲ್ ಥರ್ಮಾಮೀಟರನ್ನೇ ಕೊಳ್ಳುವುದು ಒಳ್ಳೆಯದು.

ಹಸುವಿನ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾ., ಅಂದರೆ 38.3ರಿಂದ 39.2 ಡಿಗ್ರಿ ಸೆಂ. ಎಮ್ಮೆಯದು ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ಕಡಿಮೆ, ಕರುಗಳದು ಸ್ವಲ್ಪ ಹೆಚ್ಚು. ಬೆಳಗಿಗಿಂತ ಸಂಜೆ ಅರ್ಧ ಒಂದು ಡಿಗ್ರಿ ಹೆಚ್ಚಿರುವುದು ಸಹಜ. ಆದ್ದರಿಂದ ಆರೋಗ್ಯವಾಗಿರುವಾಗಲೇ ನಿಮ್ಮ ಹಸುವಿನ ಬೆಳಗಿನ ಮತ್ತು ಸಂಜೆಯ ಉಷ್ಣತೆಯನ್ನು ನಾಲ್ಕಾರು ದಿನ ಬರೆದಿಟ್ಟುಕೊಳ್ಳಿ.

ಅಂಕಿ ಏನು ಹೇಳುತ್ತದೆ?

ತಂಪು ಹೊತ್ತಿನಲ್ಲಿ 103ಕ್ಕಿಂತ ಹೆಚ್ಚಿದ್ದರೆ ಎಚ್ಚರ ವಹಿಸಬೇಕು. 104 ದಾಟಿದರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಕಾಲುಬಾಯಿ ಜ್ವರ, ಗಳಲೆ ರೋಗ, ಮೂರು ದಿನದ ಜ್ವರ, ಉಣ್ಣೆಯಿಂದ ಹರಡುವ ಥೈಲೇರಿಯಾ, ಇವುಗಳಲ್ಲೆಲ್ಲ ಉಷ್ಣತೆ 104ರಿಂದ 107ರವರೆಗೆ ಏರಬಹುದು. 2022ರಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹರಡಿದ ಚರ್ಮಗಂಟು ರೋಗದಲ್ಲಿಯೂ ಮೈಮೇಲೆ ಗಂಟುಗಳು ಕಾಣುವ ಮುನ್ನವೇ ಜ್ವರ ಬರುತ್ತದೆ. ಊರಿನಲ್ಲಿ ರೋಗವಿರುವಾಗ ದಿನಕ್ಕೆರಡು ಬಾರಿ ಥರ್ಮಾಮೀಟರ್ ಇಟ್ಟವರಿಗೆ, ಜ್ವರ ಬಂದ ರಾಸನ್ನು ಉಳಿದವುಗಳಿಂದ ಬೇರೆ ಕಟ್ಟಲು ಒಂದೆರಡು ದಿನದ ಕಾಲಾವಕಾಶ ಸಿಗುತ್ತದೆ.

ಕಡಿಮೆ ಅಂಕಿಯೂ ಅಷ್ಟೇ ಮುಖ್ಯ. ಹಾಲು ಜ್ವರವೆಂದು ಹೆಸರಾದ ಕಾಯಿಲೆಯಲ್ಲಿ ಜ್ವರವೇ ಇರುವುದಿಲ್ಲ! ಕರು ಹಾಕಿದ ಒಂದೆರಡು ದಿನಗಳಲ್ಲಿ ರಕ್ತದ ಸುಣ್ಣದ ಅಂಶ ಕುಸಿದು, ಹೆಚ್ಚು ಹಾಲು ಕೊಡುವ ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಅಳೆದರೆ ಉಷ್ಣತೆ ಸಹಜಕ್ಕಿಂತ ಕಡಿಮೆ, 100 ಅಥವಾ ಅದಕ್ಕೂ ಕೆಳಗೆ ಇರುತ್ತದೆ. ಹೆಸರು ಕೇಳಿ ಜ್ವರದ ಮಾತ್ರೆ ನುಂಗಿಸುತ್ತಾ ಕೂತರೆ ಕೆಲವೇ ಗಂಟೆಗಳಲ್ಲಿ ಹಸು ಕೈತಪ್ಪುತ್ತದೆ. ವೈದ್ಯರು ಸಕಾಲದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅದೇ ಹಸು ಎದ್ದು ನಿಲ್ಲುತ್ತದೆ. ವೈದ್ಯರಿಗೆ ಫೋನ್ ಮಾಡುವಾಗ "ಹಸು ಮಲಗಿದೆ" ಎನ್ನುವುದಕ್ಕಿಂತ "ನಿನ್ನೆ ಕರು ಹಾಕಿದೆ, ಮಲಗಿದೆ, ಉಷ್ಣತೆ 99 ಡಿಗ್ರಿ ಇದೆ" ಎಂದರೆ ಅವರು ಬೇಕಾದ ಔಷಧಿ ಹಿಡಿದೇ ಹೊರಡುತ್ತಾರೆ.

ತುಂಬು ಗಬ್ಬದ ಹಸುವಿನಲ್ಲಿ ಕರು ಹಾಕುವ ಅರ್ಧ ಒಂದು ದಿನ ಮೊದಲು ಉಷ್ಣತೆ ಸುಮಾರು 1 ಡಿಗ್ರಿ ಫ್ಯಾ. ಇಳಿಯುವುದುಂಟು. ಪ್ರತಿದಿನ ಬರೆದಿಟ್ಟವರಿಗೆ ಇದು ಒಳ್ಳೆಯ ಮುನ್ಸೂಚನೆ.

ಶಾಖ ಹರಿಯುವ ದಾರಿಗಳು

ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಮೂರು ದಾರಿಗಳಿವೆ. ಮೊದಲನೆಯದು ವಹನ. ಒಂದಕ್ಕೊಂದು ತಾಗಿರುವ ವಸ್ತುಗಳಲ್ಲಿ ಶಾಖ ನೇರವಾಗಿ ದಾಟುತ್ತದೆ. ಒಲೆಯಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ಹೀಗೆ. ಲೋಹಗಳಲ್ಲಿ ಈ ಹರಿವು ಜೋರು. ಮರ, ಪ್ಲಾಸ್ಟಿಕ್, ಹುಲ್ಲು, ನಿಂತ ಗಾಳಿ, ಇವುಗಳಲ್ಲಿ ಬಹಳ ನಿಧಾನ. ಗಾಳಿಗಿಂತ ನೀರು 20ಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಎಮ್ಮೆ ಕೆರೆಗೆ ಇಳಿಯುವುದು ಸುಮ್ಮನೆ ಅಲ್ಲ.

ಎರಡನೆಯದು ಸಂವಹನ. ಬಿಸಿಯಾದ ಗಾಳಿ ಅಥವಾ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣಗಿನದು ಆ ಜಾಗಕ್ಕೆ ಬರುತ್ತದೆ. ಹೀಗೆ ಚಲಿಸುವ ಗಾಳಿ ಅಥವಾ ನೀರೇ ಶಾಖವನ್ನು ಹೊತ್ತೊಯ್ಯುತ್ತದೆ. ಮೂರನೆಯದು ವಿಕಿರಣ. ಸೂರ್ಯನ ಶಾಖ ನಮ್ಮನ್ನು ತಲುಪುವುದು ಈ ದಾರಿಯಲ್ಲಿ. ಇದಕ್ಕೆ ನಡುವೆ ಯಾವ ವಸ್ತುವೂ ಬೇಕಿಲ್ಲ. ಬೆಂಕಿಯ ಎದುರು ಕುಳಿತಾಗ ಮುಖ ಕಾಯುತ್ತದೆ, ಬೆನ್ನು ತಣ್ಣಗಿರುತ್ತದೆ. ಇದೇ ವಿಕಿರಣ.

ಈ ಮೂರೂ ದಾರಿಗಳನ್ನು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕೃತಕ ಗರ್ಭಧಾರಣೆ ಕಾರ್ಯಕರ್ತರ ಬಳಿ ಇರುವ ದ್ರವ ಸಾರಜನಕದ ಪಾತ್ರೆಯೇ ಸಾಕ್ಷಿ. ಅದರ ಎರಡು ಗೋಡೆಗಳ ನಡುವೆ ಗಾಳಿಯನ್ನು ತೆಗೆದುಹಾಕಿರುವುದರಿಂದ ವಹನ, ಸಂವಹನಗಳು ಬಹುಮಟ್ಟಿಗೆ ನಿಲ್ಲುತ್ತವೆ. ಹೊಳಪಿನ ಪದರಗಳು ವಿಕಿರಣವನ್ನು ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದಲೇ ನಮ್ಮ ಬೇಸಿಗೆಯಲ್ಲೂ ವೀರ್ಯದ ಕಡ್ಡಿಗಳು ಸೊನ್ನೆಗಿಂತ 196 ಡಿಗ್ರಿ ಸೆಂ. ಕೆಳಗೆ ಸುರಕ್ಷಿತವಾಗಿರುತ್ತವೆ. ಕಡ್ಡಿಯನ್ನು ಹೊರತೆಗೆದು 37 ಡಿಗ್ರಿ ಸೆಂ. ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕರಗಿಸಬೇಕು. ನೀರಿನ ಉಷ್ಣತೆಯನ್ನು ಬೆರಳು ಅದ್ದಿ ಅಲ್ಲ, ಥರ್ಮಾಮೀಟರಿನಿಂದ ನೋಡಬೇಕು. ಹಸು ಗಬ್ಬ ನಿಲ್ಲುವುದು, ನಿಲ್ಲದಿರುವುದು ಇಂಥ ಸಣ್ಣ ಸಂಗತಿಯನ್ನೂ ಅವಲಂಬಿಸಿದೆ.

ಈ ಮೂರರ ಜೊತೆಗೆ ಶಾಖ ಕಳೆಯಲು ಇನ್ನೊಂದು ಬಲವಾದ ಉಪಾಯವಿದೆ. ಅದು ಆವಿಯಾಗುವಿಕೆ. ಮೈಮೇಲಿನ 1 ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. 1 ಕಿಲೋ ಮಂಜುಗಡ್ಡೆ ಕರಗುವಾಗ ಹೀರುವುದು 80 ಮಾತ್ರ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು, ಬೆವರಿದಾಗ ಬೀಸಣಿಗೆ ಹಿತವಾಗುವುದು ಇದರಿಂದಲೇ.

ಬೇಸಿಗೆಯಲ್ಲಿ ಹಸುವಿನ ಕಷ್ಟ

ಹಸುವಿನ ಹೊಟ್ಟೆಯನ್ನು ಸದಾ ಉರಿಯುವ ಒಲೆ ಎನ್ನಬಹುದು. ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿನ ಮೈಯಲ್ಲಿ ಹಗಲಿರುಳೂ ಹುಟ್ಟುವ ಶಾಖ, ನೂರು ವಾಟಿನ ಏಳೆಂಟು ಬಲ್ಬುಗಳ ಶಾಖಕ್ಕೆ ಸಮ. ಇದೆಲ್ಲವೂ ಹೊರಗೆ ಹೋಗಲೇಬೇಕು. ಗಾಳಿ ತಂಪಾಗಿರುವಾಗ ಮೂರೂ ದಾರಿಗಳಿಂದ ಹೋಗುತ್ತದೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯ ಹತ್ತಿರಕ್ಕೆ ಬಂದಾಗ ಹರಿವು ನಿಂತುಹೋಗುತ್ತದೆ. ಆಗ ಉಳಿಯುವುದು ಆವಿಯಾಗುವಿಕೆ ಒಂದೇ, ಅಂದರೆ ಬೆವರು ಮತ್ತು ಉಸಿರು. ಹಸು ತೇಗುತ್ತಾ, ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ನಿಲ್ಲುವುದು ಆಗಲೇ.

ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ಕೊನೆಯ ದಾರಿಯೂ ಕಿರಿದಾಗುತ್ತದೆ. ಅದಕ್ಕಾಗಿಯೇ ಪಶುವಿಜ್ಞಾನಿಗಳು ಉಷ್ಣತೆ ಮತ್ತು ತೇವಾಂಶ ಎರಡನ್ನೂ ಸೇರಿಸಿದ ಒಂದು ಸೂಚ್ಯಂಕವನ್ನು ಬಳಸುತ್ತಾರೆ. ಅದು 72 ದಾಟಿದರೆ ಹೈನುರಾಸುಗಳಿಗೆ ತೊಂದರೆ ಆರಂಭ. ರಾಯಚೂರಿನ ಕಡೆಯ ಒಣ ಹವೆಯಲ್ಲಿ 38 ಡಿಗ್ರಿ ಸೆಂ. ಇದ್ದು ತೇವಾಂಶ ಶೇಕಡ 20 ಇದ್ದರೆ ಸೂಚ್ಯಂಕ ಸುಮಾರು 82. ಮಂಗಳೂರಿನ ಕಡೆ 32 ಡಿಗ್ರಿಯೇ ಇದ್ದು ತೇವಾಂಶ ಶೇಕಡ 80 ಇದ್ದರೆ ಸುಮಾರು 86. ಕರಾವಳಿಯಲ್ಲಿ ಬಿಸಿಲು ಕಡಿಮೆ ಎಂದು ಹಸುವಿಗೆ ಸುಖವಿದೆ ಎಂದುಕೊಳ್ಳಬಾರದು.

ಹಳ್ಳಿಕಾರ್, ದೇವಣಿಯಂಥ ನಾಡತಳಿಗಳ ಮೈಯಲ್ಲಿ ಹುಟ್ಟುವ ಶಾಖವೇ ಕಡಿಮೆ, ಬೆವರುವ ಶಕ್ತಿ ಹೆಚ್ಚು. ಮಿಶ್ರತಳಿ ರಾಸುಗಳಿಗೆ ಈ ಅನುಕೂಲ ಅಷ್ಟಿಲ್ಲ. ಶಾಖ ಹೊರಹೋಗದಿದ್ದಾಗ ಹಸು ಒಲೆಯನ್ನೇ ಸಣ್ಣದು ಮಾಡುತ್ತದೆ. ಅಂದರೆ ಮೇವು ಕಡಿಮೆ ತಿನ್ನುತ್ತದೆ. ಹಾಲು ಇಳಿಯುತ್ತದೆ, ಕೊಬ್ಬಿನಂಶ ಇಳಿಯುತ್ತದೆ, ಬೆದೆ ಸರಿಯಾಗಿ ಕಾಣುವುದಿಲ್ಲ, ಗಬ್ಬ ನಿಲ್ಲುವುದಿಲ್ಲ. ಹೊಟ್ಟೆಯ ಏರಿಳಿತ ನೋಡಿ ಉಸಿರನ್ನು ಎಣಿಸಿ. ನಿಮಿಷಕ್ಕೆ 15ರಿಂದ 30 ಇರಬೇಕಾದದ್ದು 60 ದಾಟಿದ್ದರೆ ರಾಸು ಕಷ್ಟದಲ್ಲಿದೆ ಎಂದೇ ಅರ್ಥ.

ಪರಿಹಾರವನ್ನೂ ದಾರಿಗಳ ಪ್ರಕಾರವೇ ಯೋಚಿಸಿ. ಕಾದ ತಗಡು ಅಥವಾ ಕಲ್ನಾರು ಶೀಟು ಮೇಲಿನಿಂದ ವಿಕಿರಣದಿಂದ ಹಸುವನ್ನು ಬೇಯಿಸುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ, ಇಲ್ಲವೆ ಸುಣ್ಣ ಬಳಿಯಿರಿ. ಮರದ ನೆರಳಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಸಂವಹನಕ್ಕಾಗಿ ಕೊಟ್ಟಿಗೆಯ ಗೋಡೆಗಳನ್ನು ತೆರೆದಿಡಿ, ಬಿಸಿಗಾಳಿ ಹೊರಹೋಗಲು ಮಾಡಿನ ತುದಿಯಲ್ಲಿ ಕಿಂಡಿ ಬಿಡಿ. ಆವಿಯಾಗುವಿಕೆಗಾಗಿ ಚರ್ಮಕ್ಕೆ ತಾಗುವಂತೆ ನೀರು ಹಾಕಿ, ಫ್ಯಾನು ಹಾಕಿ ಅಥವಾ ಗಾಳಿಗೆ ಬಿಡಿ. ನೀರು ಹಾಕಿ ಗಾಳಿ ಆಡದ ಕೊಟ್ಟಿಗೆಯಲ್ಲಿ ಕಟ್ಟಿದರೆ ತೇವ ಹೆಚ್ಚಿ ಕಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಕುಡಿಯಲು ಇಡೀ ದಿನ ನೀರಿರಲಿ. 10 ಲೀಟರ್ ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ 70-80 ಲೀಟರ್ ನೀರಾದರೂ ಬೇಕು. ಮೇವು ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಶಾಖ ಹೆಚ್ಚುವುದರಿಂದ ಹೆಚ್ಚಿನ ಮೇವನ್ನು ಮುಂಜಾನೆ ಮತ್ತು ರಾತ್ರಿ ತಂಪಿನಲ್ಲಿ ಕೊಡಿ.

ಬಿಸಿಲಿನ ಹೊಡೆತಕ್ಕೆ ರಾಸು ಕುಸಿದು ಉಷ್ಣತೆ 106 ದಾಟಿದ್ದರೆ ಕೂಡಲೇ ನೆರಳಿಗೆ ತಂದು ತಲೆ, ಮೈಮೇಲೆಲ್ಲ ತಣ್ಣೀರು ಹಾಕುತ್ತಾ ಗಾಳಿ ಬೀಸಿ, ವೈದ್ಯರಿಗೆ ತಿಳಿಸಿ. ನಡುನಡುವೆ ಉಷ್ಣತೆ ನೋಡಿ, 103ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ.

ಹಾಲನ್ನು ತಣಿಸುವ ಲೆಕ್ಕ

ಕೆಚ್ಚಲಿನಿಂದ ಬರುವ ಹಾಲಿನ ಉಷ್ಣತೆ ಸುಮಾರು 38 ಡಿಗ್ರಿ ಸೆಂ. ಸೂಕ್ಷ್ಮಾಣುಗಳಿಗೆ ಇದಕ್ಕಿಂತ ಹಿತವಾದ ಮನೆ ಬೇರೆ ಇಲ್ಲ. ಹಾಲಿಗೆ ತನ್ನದೇ ಆದ ಸ್ವಲ್ಪ ರಕ್ಷಣಾ ಶಕ್ತಿಯಿದೆ, ಆದರೆ ಬೆಚ್ಚಗಿರುವ ಹಾಲಿನಲ್ಲಿ ಅದು ಎರಡು ಮೂರು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ ಎಂದಿಟ್ಟುಕೊಂಡರೆ, 1,000 ಇದ್ದದ್ದು ನಾಲ್ಕು ಗಂಟೆಗಳಲ್ಲಿ 2,56,000 ಆಗುತ್ತದೆ. 4 ಡಿಗ್ರಿ ಸೆಂ.ಗೆ ತಣಿಸಿದರೆ ಈ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಸಂಘದ ಬಲ್ಕ್ ಮಿಲ್ಕ್ ಕೂಲರ್ ಮಾಡುವ ಕೆಲಸ ಇದೇ. ಆದರೆ ತಣಿಸುವುದರಿಂದ ಸೂಕ್ಷ್ಮಾಣುಗಳು ಸಾಯುವುದಿಲ್ಲ, ಹುಳಿಯಾದ ಹಾಲು ಸಿಹಿಯಾಗುವುದಿಲ್ಲ. ಡೇರಿಯಲ್ಲಿ 72 ಡಿಗ್ರಿ ಸೆಂ.ಗೆ 15 ಸೆಕೆಂಡು ಕಾಯಿಸಿ ಪಾಶ್ಚರೀಕರಣ ಮಾಡಿದರೂ ಆಗಲೇ ಹುಟ್ಟಿದ ಹುಳಿ ಹೋಗದು. ಒಂದು ಮನೆಯ ಕೆಟ್ಟ ಹಾಲು ಟ್ಯಾಂಕಿಗೆ ಬಿದ್ದರೆ ಇಡೀ ಊರಿನ ಹಾಲಿಗೆ ಕುತ್ತು.

ಆದ್ದರಿಂದ ಕರೆದ ಕೂಡಲೇ ಸಂಘಕ್ಕೆ ತಲುಪಿಸುವುದೇ ಮೊದಲ ಉಪಾಯ. ತಡವಾಗುವ ಕಡೆ ಮನೆಯಲ್ಲೇ ಸ್ವಲ್ಪ ತಣಿಸಬಹುದು. 40 ಲೀಟರ್ ಹಾಲನ್ನು 35 ಡಿಗ್ರಿಯಿಂದ 27 ಡಿಗ್ರಿಗೆ ಇಳಿಸಲು ಸುಮಾರು 300 ಕಿಲೋ ಕ್ಯಾಲೊರಿ ತೆಗೆಯಬೇಕು. ಕ್ಯಾನನ್ನು 100 ಲೀಟರ್ ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿದರೆ ಆ ನೀರು 3 ಡಿಗ್ರಿಯಷ್ಟೇ ಬಿಸಿಯಾಗಿ ಈ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಬಕೆಟ್ಟು ನೀರಿನಲ್ಲಿ ನಿಲ್ಲಿಸಿದರೆ ನೀರೇ ಬೇಗ ಬಿಸಿಯಾಗಿ ಹರಿವು ನಿಂತುಹೋಗುತ್ತದೆ. ತೊಟ್ಟಿಯ ನೀರಿನ ಮಟ್ಟ ಕ್ಯಾನಿನೊಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಲಿ. ಶುಚಿಯಾದ ಸೌಟಿನಿಂದ ಆಗಾಗ ಕದಡಿ, ಇಲ್ಲದಿದ್ದರೆ ಅಂಚಿನ ಹಾಲು ತಣಿದರೂ ನಡುವಿನ ಹಾಲು ಬೆಚ್ಚಗೇ ಉಳಿಯುತ್ತದೆ. ಅಲ್ಯೂಮಿನಿಯಂ ಪ್ಲಾಸ್ಟಿಕ್ಕಿಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುವುದರಿಂದ ಲೋಹದ ಕ್ಯಾನೇ ಒಳ್ಳೆಯದು. ತೊಟ್ಟಿ ಇಲ್ಲದವರು ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿ, ಗಾಳಿ ಬೀಸುವ ಕಡೆ ಇಡಬಹುದು. ಹಾಲಿನೊಳಗೆ ಮಂಜುಗಡ್ಡೆ ಹಾಕುವುದು ಮಾತ್ರ ಸಲ್ಲದು. ಅದು ನೀರು ಬೆರೆಸಿದಂತೆಯೇ ಸರಿ.

ತಣಿದ ಹಾಲಿಗೆ ಆಗತಾನೆ ಕರೆದ ಹಾಲನ್ನು ಸೇರಿಸಬೇಡಿ. 5 ಡಿಗ್ರಿಯ 10 ಲೀಟರಿಗೆ 35 ಡಿಗ್ರಿಯ 10 ಲೀಟರ್ ಸೇರಿದರೆ 20 ಡಿಗ್ರಿಯ 20 ಲೀಟರ್ ಆಗುತ್ತದೆ. ಇಡೀ ರಾತ್ರಿ ಕಾಪಾಡಿದ್ದು ಒಂದು ಕ್ಷಣದಲ್ಲಿ ವ್ಯರ್ಥ.

ಲ್ಯಾಕ್ಟೋಮೀಟರ್ ಬಗ್ಗೆಯೂ ಒಂದು ಮಾತು. ಬಿಸಿ ಹಾಲು ಹಿಗ್ಗಿ ಹಗುರವಾಗಿರುವುದರಿಂದ ಲ್ಯಾಕ್ಟೋಮೀಟರ್ ಹೆಚ್ಚು ಆಳಕ್ಕೆ ಮುಳುಗಿ ಕಡಿಮೆ ಅಂಕಿ ತೋರಿಸುತ್ತದೆ. ನೀರು ಬೆರೆಸದ ಹಾಲೂ ನೀರು ಬೆರೆಸಿದಂತೆ ಕಾಣಬಹುದು. ಪ್ರತಿ ಲ್ಯಾಕ್ಟೋಮೀಟರಿನ ಮೇಲೂ ಯಾವ ಉಷ್ಣತೆಯಲ್ಲಿ ಓದಬೇಕೆಂದು ಬರೆದಿರುತ್ತದೆ. ಹಾಲಿನ ಉಷ್ಣತೆ ಅದಕ್ಕಿಂತ ಹೆಚ್ಚಿದ್ದರೆ ಅಂಕಿಗೆ ಕೂಡಿಸಬೇಕು, ಕಡಿಮೆ ಇದ್ದರೆ ಕಳೆಯಬೇಕು. ಹಾಲಿನ ಉಷ್ಣತೆ ನೋಡದೆ ಲ್ಯಾಕ್ಟೋಮೀಟರ್ ಓದುವುದು ಅರ್ಧ ಪರೀಕ್ಷೆ ಮಾತ್ರ ಎಂಬುದನ್ನು ಸದಸ್ಯರೂ, ಪರೀಕ್ಷಕರೂ ನೆನಪಿಡಬೇಕು. ಇದಕ್ಕೆ ಡೇರಿ ಥರ್ಮಾಮೀಟರನ್ನೇ ಬಳಸಿ. ಜ್ವರ ನೋಡುವ ಥರ್ಮಾಮೀಟರನ್ನು ಹಾಲಿಗೆ ಅದ್ದಬಾರದು.

ಸದಸ್ಯರು ಮಾಡಬೇಕಾದದ್ದು

* ಮನೆಯಲ್ಲಿ ರಾಸುಗಳಿಗೆಂದೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಮನೆಮಂದಿಯದಕ್ಕೆ ಸೇರಿಸಬೇಡಿ.
* ಮೇವು ಬಿಟ್ಟ ರಾಸಿಗೆ ಮೊದಲು ಉಷ್ಣತೆ ನೋಡಿ, ಬರೆದಿಟ್ಟು, ಆಮೇಲೆ ವೈದ್ಯರಿಗೆ ತಿಳಿಸಿ.
* ಕರು ಹಾಕಿದ ಹಸು ಮಲಗಿ ಉಷ್ಣತೆ ಕಡಿಮೆ ಇದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ.
* ಬೇಸಿಗೆಯಲ್ಲಿ ನೆರಳು, ನೀರು, ಗಾಳಿ ಮೂರೂ ಒಟ್ಟಿಗೆ ಇರಲಿ.
* ಹಾಲನ್ನು ಬಿಸಿಲಿನಲ್ಲಿ ಇಡಬೇಡಿ, ಬೇಗ ತಲುಪಿಸಿ.

ಒಂದು ಥರ್ಮಾಮೀಟರಿನ ಬೆಲೆ ಕೆಲವು ಲೀಟರ್ ಹಾಲಿನ ಬೆಲೆಯಷ್ಟೇ. ಒಂದು ಮಿಶ್ರತಳಿ ಹಸುವಿನ ಬೆಲೆ ಎಷ್ಟೆಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ. ಕೈಯನ್ನು ಹಸುವಿನ ಮೈ ಸವರಲು ಬಳಸಿ. ಜ್ವರ ನೋಡಲು ಥರ್ಮಾಮೀಟರನ್ನೇ ಬಳಸಿ.